ಓದುವ ಮಕ್ಕಳಿಗೆ ಮಠ, ಆಶ್ರಮ, ಚರ್ಚಿನ ಸೆಳೆತ ಹುಟ್ಟಿದಾಗ: ಜೊತೆಗೆ ನಿಲ್ಲುವವರಿಗೆ ಸಮಗ್ರ ಮಾರ್ಗದರ್ಶಿ

ಶ್ರಾವಣ ಮುಗಿಯುತ್ತಿದ್ದಂತೆ ನಮ್ಮ ಕಡೆ ಎರಡು ತಪ್ಪು ತಪ್ಪದೇ ನಡೆಯುತ್ತವೆ. ತಿಂಗಳಿಡೀ ಮಠದಲ್ಲಿ ಪುರಾಣ ಕೇಳಿದ ಡಿಗ್ರಿ ಹುಡುಗ ಹಾಸ್ಟೆಲ್ ಖಾಲಿ ಮಾಡಿ ಹೊರಟೇಬಿಡುತ್ತಾನೆ. ದೀಪಾವಳಿ ಹೊತ್ತಿಗೆ ತಿರುಗಿ ಬಂದರೆ ಹಾಜರಿ ಇಲ್ಲ, ಪರೀಕ್ಷೆ ಫೀ ಕಟ್ಟಿಲ್ಲ, ಮುಖ ಎತ್ತಿ ಓಡಾಡಲೂ ಆಗುವುದಿಲ್ಲ. ಇನ್ನೊಂದು ಮನೆಯಲ್ಲಿ, ಎರಡು ವರ್ಷದಿಂದ ಒಳಗೊಳಗೇ ಯೋಚಿಸಿದ್ದ ಹುಡುಗಿ ಧೈರ್ಯ ಮಾಡಿ ಬಾಯಿ ಬಿಟ್ಟರೆ, ಮುಂದಿನ ರವಿವಾರವೇ ಕನ್ಯೆ ನೋಡಲು ಜನ ಬಂದು ಕೂತಿರುತ್ತಾರೆ.

ಎರಡೂ ಕಡೆ ಸಲಹೆ ಕೊಟ್ಟ ಹಿರಿಯರ ಮನಸ್ಸು ಒಳ್ಳೆಯದೇ. ಕೆಟ್ಟದ್ದು ಕ್ರಮ. ಮೊದಲು ನಿರ್ಧಾರ, ಆಮೇಲೆ ಮನೆಯಲ್ಲಿ ಜಗಳ, ಎಲ್ಲ ಮುಗಿದ ಮೇಲೆ ಆ ಬದುಕು ಹೇಗಿರುತ್ತದೆ ಎಂದು ನೋಡುವುದು. ಇದನ್ನು ತಿರುವಿ ಹಾಕಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಾಲೇಜು ಮೇಷ್ಟ್ರು, ವಾರ್ಡನ್, ಪಾಸ್ಟರ್, ಮಠದ ಹಿರಿಯ ಭಕ್ತರು, ಜೈನ ಬಸದಿಯ ಪಂಚರು, ಸೋದರಮಾವಂದಿರು, ಯಾರ ಮುಂದೆ ಮಕ್ಕಳು ಈ ಮಾತು ಮೊದಲು ಆಡುತ್ತಾರೋ ಅವರಿಗಾಗಿ ಈ ಬರಹ. ಮೊದಲ ಮಾತಿನಿಂದ ಪ್ರವೇಶದ ಅರ್ಜಿಯವರೆಗೆ 12ರಿಂದ 18 ತಿಂಗಳು ಹಿಡಿಯಲಿ. ಅದಕ್ಕಿಂತ ಬೇಗ ಮುಗಿದರೆ ಯಾವುದೋ ಹಂತ ಹಾರಿ ಹೋಗಿದೆ ಎಂದೇ ತಿಳಿಯಿರಿ.

## ಮೊದಲೇ ಹೊಂದಿಸಿಕೊಳ್ಳಬೇಕಾದ್ದು

200 ಪುಟದ ಒಂದು ನೋಟ್‌ಬುಕ್. ತಿಥಿ ಇರುವ ಗೋಡೆ ಕ್ಯಾಲೆಂಡರ್. ಕಾಲೇಜಿನ ಪರೀಕ್ಷಾ ವೇಳಾಪಟ್ಟಿ. ಶಿಕ್ಷಣ ಸಾಲ ಇದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್. ಎಸ್ಸೆಸ್ಸೆಲ್ಸಿಯಿಂದ ಇಲ್ಲಿಯವರೆಗಿನ ಅಂಕಪಟ್ಟಿಗಳ ಝೆರಾಕ್ಸ್ ಎರಡು ಸೆಟ್. ಮೂಲ ಪ್ರತಿಗಳು ಮನೆಯ ತಿಜೋರಿಯಲ್ಲೇ ಇರಲಿ.

ಇವಕ್ಕಿಂತ ಮುಖ್ಯವಾದದ್ದು ಇಬ್ಬರು ಮನುಷ್ಯರು. ಒಬ್ಬರು ಆ ದಾರಿಯಲ್ಲಿ ಕನಿಷ್ಠ 10 ವರ್ಷ ಕಳೆದವರು. ಇನ್ನೊಬ್ಬರು ಆ ದಾರಿಗೆ ಹೋಗಿ ನಡುವೆ ಬಿಟ್ಟು ಬಂದವರು. ಎರಡನೆಯವರನ್ನು ಯಾರೂ ಹುಡುಕುವುದಿಲ್ಲ, ಸಿಕ್ಕರೂ ಮಾತಾಡಿಸುವುದಿಲ್ಲ. ಅವರ ಒಂದು ತಾಸಿನ ಮಾತು ಹತ್ತು ಪ್ರವಚನಕ್ಕೆ ಸಮ.

## ಹಂತ 1: ಮೊದಲ ಮಾತುಕತೆ

ಹುಡುಗ ಬಂದು ಹೇಳುವುದು ಸಾಮಾನ್ಯವಾಗಿ ಹೀಗೆ: "ಸರ್ರ, ನಾ ಮಠಕ್ಕ ಹೋಗಬೇಕಂತ ಮಾಡೇನ್ರಿ." ಇದಕ್ಕೆ "ಭೇಷ್!" ಅನ್ನಬೇಡಿ. "ಹುಚ್ಚಗಿಚ್ಚ ಹಿಡದೈತೇನೋ?" ಅಂತಲೂ ಅನ್ನಬೇಡಿ. ಮೊದಲನೆಯದನ್ನು ಅವನು ಅಪ್ಪಣೆ ಎಂದು ತಿಳಿಯುತ್ತಾನೆ. ಎರಡನೆಯದನ್ನು ಕೇಳಿದರೆ ಮುಂದೆ ನಿಮ್ಮ ಹತ್ತಿರ ಏನನ್ನೂ ಹೇಳುವುದಿಲ್ಲ.

ನೀವು ಕೇಳಬೇಕಾದ್ದು ಮೂರೇ ಪ್ರಶ್ನೆ, ಇದೇ ಅನುಕ್ರಮದಲ್ಲಿ.

"ಯಾವಾಗಿಂದ ಅನಸಾಕತ್ತೈತಿ?" ಇಲ್ಲಿ ತಾರೀಖು ಬೇಕು. "ಭಾಳ ದಿನ ಆತ್ರಿ" ಎಂಬುದು ಉತ್ತರವಲ್ಲ. ಯಾವ ಹಬ್ಬದ ಹಿಂದೆ, ಯಾವ ಸೆಮಿಸ್ಟರ್‌ನಲ್ಲಿ ಎಂದು ಕೆದಕಿ.

"ಅದರ ಹಿಂದುಮುಂದ ಮನ್ಯಾಗ ಏನರ ಆಗಿತ್ತೇನು?" ಸಾವು, ಫೇಲಾದ ಪರೀಕ್ಷೆ, ಮುರಿದ ಪ್ರೀತಿ, ಅಪ್ಪನ ಸಾಲ, ಲಗ್ನದ ಒತ್ತಾಯ. ಇವುಗಳಲ್ಲಿ ಒಂದಿದ್ದರೆ ಸೆಳೆತ ಸುಳ್ಳು ಎಂದಲ್ಲ, ಕಾಯುವ ಅವಧಿ ಹೆಚ್ಚಾಗಬೇಕು ಎಂದಷ್ಟೇ ಅರ್ಥ.

"ಅಲ್ಲಿಗೆ ಹೋಗಿ ಮುಂಜಾನಿಂದ ಸಂಜೀತನ ಏನ್ ಮಾಡ್ತಿ?" ಹೆಚ್ಚಿನವರು ಇಲ್ಲಿ ತಡವರಿಸುತ್ತಾರೆ. ಪೀಠದ ಮೇಲೆ ಕೂತ ಚಿತ್ರ ಕಣ್ಣ ಮುಂದಿರುತ್ತದೆ. ಮುಂಜಾನೆ ನಾಲ್ಕೂವರೆಗೆ ಎದ್ದು ಅಂಗಳ ಗುಡಿಸುವ ಚಿತ್ರ ಇರುವುದಿಲ್ಲ. ತಡವರಿಸಿದ್ದಕ್ಕೆ ನಗಬೇಡಿ. ಮುಂದಿನ ಹಂತಗಳಿರುವುದೇ ಆ ಖಾಲಿ ಜಾಗ ತುಂಬಲಿಕ್ಕೆ.

ನಲವತ್ತು ನಿಮಿಷಕ್ಕೆ ಮಾತು ಮುಗಿಸಿ ನೋಟ್‌ಬುಕ್ ಕೈಗಿಟ್ಟು ಕಳಿಸಿ. ಆ ದಿನ ಯಾವ ಮಠಕ್ಕೂ, ಯಾವ ಬಿಷಪ್ ಕಚೇರಿಗೂ ಫೋನ್ ಮಾಡಬೇಡಿ. ಉತ್ಸಾಹದಲ್ಲಿ ನೀವು ಮಾಡಿದ ಒಂದು ಫೋನಿನಿಂದ ಹುಡುಗ ಅಲ್ಲಿ "ಬರುವವನು" ಆಗಿಬಿಡುತ್ತಾನೆ. ಆಮೇಲೆ ಹಿಂದೆ ಸರಿಯಬೇಕೆಂದರೂ ನಾಚಿಕೆ ಅಡ್ಡ ಬರುತ್ತದೆ.

## ಹಂತ 2: 90 ದಿನದ ನೋಟ್‌ಬುಕ್

ನಮ್ಮ ಹಿರಿಯರು ವೈರಾಗ್ಯದಲ್ಲಿ ಮೂರು ಹುಸಿ ಬಗೆಗಳನ್ನು ಹೇಳಿದ್ದಾರೆ: ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಸ್ಮಶಾನ ವೈರಾಗ್ಯ. ಕಥೆ ಕೇಳುವಾಗ, ಹೆರಿಗೆ ನೋವಿನಲ್ಲಿ, ಹೆಣ ಸುಡುವಾಗ ಹುಟ್ಟುವ ಈ ವೈರಾಗ್ಯಗಳು ಆ ಜಾಗ ಬಿಟ್ಟೊಡನೆ ಇಳಿಯುತ್ತವೆ. ಕಾಲೇಜು ಮಕ್ಕಳಲ್ಲಿ ಕಾಣುವುದು ಮೊದಲನೆಯದು ಮತ್ತು ಮೂರನೆಯದು. ಚರ್ಚಿನ ಮಕ್ಕಳಲ್ಲಿ ಇದೇ ಸಂಗತಿ ಮೂರು ದಿನದ ಯುವಜನ ಶಿಬಿರ ಮುಗಿದ ರಾತ್ರಿ ನಡೆಯುತ್ತದೆ. ಹೆಸರು ಬೇರೆ, ಜ್ವರ ಒಂದೇ.

ಜ್ವರ ಇಳಿಯಲು 90 ದಿನ ಕೊಡಿ. ಎಣಿಕೆ ಪ್ರವಚನ ಅಥವಾ ಶಿಬಿರ ಮುಗಿದ ಮರುದಿನದಿಂದ ಶುರು. ಮನೆಯಲ್ಲಿ ಸಾವು ಆಗಿದ್ದರೆ ವರ್ಷದ ತಿಥಿ ಮುಗಿಯುವವರೆಗೆ ಕಾಯಿರಿ.

ದಿನಕ್ಕೆ ಐದು ಸಾಲು ಸಾಕು. ಇಂದು ಎಷ್ಟು ಹೊತ್ತಿಗೆ ಎದ್ದೆ. ಪೂಜೆ, ಪ್ರಾರ್ಥನೆ, ಧ್ಯಾನ ಎಷ್ಟು ನಿಮಿಷ. ಯಾರಿಗೆ ಏನು ಮಾಡಿಕೊಟ್ಟೆ. ಯಾರ ಮೇಲೆ ಸಿಟ್ಟು ಬಂತು. ಈ ಬದುಕು ಬೇಕು ಅನಿಸಿತೋ, ಸಾಕು ಅನಿಸಿತೋ. ದೊಡ್ಡ ದೊಡ್ಡ ಚಿಂತನೆ ಬರೆಯಲು ಬಿಡಬೇಡಿ. ಅವು ಎರಡನೇ ವಾರಕ್ಕೆ ಮುಗಿದು ಮೂರನೇ ವಾರ ಪುಟ ಖಾಲಿ ಉಳಿಯುತ್ತದೆ.

ಒಂದು ಪುಟ ಹೀಗಿರುತ್ತದೆ: "ಮಂಗಳವಾರ. 6:10ಕ್ಕೆ ಎದ್ದೆ. ಲಿಂಗಪೂಜೆ 15 ನಿಮಿಷ, ಮನಸ್ಸು ಪ್ರಾಕ್ಟಿಕಲ್ ಮೇಲೇ ಇತ್ತು. ರೂಮ್‌ಮೇಟ್‌ಗೆ ಜ್ವರ, ಮೆಸ್ಸಿನಿಂದ ಗಂಜಿ ತಂದುಕೊಟ್ಟೆ. ಅವನು ಥ್ಯಾಂಕ್ಸ್ ಅನ್ನಲಿಲ್ಲ, ಸಿಟ್ಟು ಬಂತು. ಬೇಕು." ಈ ಪುಟದಲ್ಲಿ ನೀವು ನೋಡಬೇಕಾದದ್ದು ಕೊನೆಯ "ಬೇಕು" ಅಲ್ಲ. ಥ್ಯಾಂಕ್ಸ್ ಸಿಗದ ಸಿಟ್ಟನ್ನು ಮುಚ್ಚಿಡದೇ ಬರೆದಿದ್ದಾನಲ್ಲ, ಅದು. ತನ್ನನ್ನು ತಾನು ನೋಡಿಕೊಳ್ಳಬಲ್ಲವನು ಎಂಬುದಕ್ಕೆ ಅಷ್ಟು ಸಾಕು. 90 ದಿನವೂ "ಆನಂದ, ಪರಮಾನಂದ" ಎಂದೇ ಬರೆದವನ ಬಗ್ಗೆ ಹೆಚ್ಚು ಯೋಚಿಸಿ.

ಎಚ್ಚರಿಕೆಯ ಗುರುತು: ಹಲವು ದಿನ ನಿದ್ದೆಯೇ ಇಲ್ಲ, ಊಟ ಬಿಟ್ಟಿದ್ದಾನೆ, ತನಗೆ ವಿಶೇಷ ಶಕ್ತಿ ಬಂದಿದೆ ಅನ್ನುತ್ತಾನೆ, ಬೇರೆಯವರಿಗೆ ಕೇಳದ ದನಿ ಕೇಳುತ್ತದೆ, ಅಥವಾ ಬದುಕೇ ಬೇಡ ಅನ್ನುತ್ತಾನೆ. ಇಲ್ಲಿ ನೋಟ್‌ಬುಕ್ ನಿಲ್ಲಿಸಿ ವೈದ್ಯರ ಹತ್ತಿರ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ತಾಸೂ ಕನ್ನಡದಲ್ಲಿ ಸಿಗುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಮೂರೂ ಜಿಲ್ಲೆಗೆ ದೂರವಲ್ಲ. "ದೇವರು ಮೈಮೇಲೆ ಬಂದಾನ" ಎಂದು ಬಿಟ್ಟುಬಿಡುವುದು ಅಪಾಯ.

## ಹಂತ 3: ಬೇಕಾಗಿರುವುದು ಯಾವ ಸೇವೆ ಎಂದು ಬಿಡಿಸಿ ನೋಡುವುದು

"ಧರ್ಮದ ಕೆಲಸ" ಎಂಬ ಒಂದೇ ಮಾತಿನೊಳಗೆ ನಾಲ್ಕಾರು ಬೇರೆ ಬೇರೆ ಬದುಕುಗಳಿವೆ. ಸಂಸಾರ ಬಿಡಲೇಬೇಕಾದವು ಅವುಗಳಲ್ಲಿ ಕೆಲವು ಮಾತ್ರ. ಪ್ರಾಟೆಸ್ಟೆಂಟ್ ಸಭೆಯ ಪಾಸ್ಟರ್ ಲಗ್ನವಾಗಬಹುದು. ಮಸೀದಿಯ ಇಮಾಮರಿಗೂ ಹೆಂಡತಿ ಮಕ್ಕಳಿರುತ್ತಾರೆ. ಗುಡಿಯ ಅರ್ಚಕರು, ಊರ ಹಿರೇಮಠದ ಅಯ್ಯನವರು ಸಂಸಾರಸ್ಥರೇ ಹೆಚ್ಚು. ಜಂಗಮ (ಲಿಂಗಾಯತರ ಗುರು ಮನೆತನ) ಮನೆಯ ಹುಡುಗನಿಗೆ ಅಯ್ಯಾಚಾರ ಎಂಬ ದೀಕ್ಷೆ ಆಗಿದೆ ಎಂದ ಮಾತ್ರಕ್ಕೆ ಅವನು ಸನ್ಯಾಸಕ್ಕೆ ಹೊರಟವನಲ್ಲ. ಊರ ಮಂದಿ ಇದನ್ನು ಬೆರೆಸಿ ಮಾತಾಡುತ್ತಾರೆ. ಬ್ರಹ್ಮಚರ್ಯ ಕಡ್ಡಾಯವಾದದ್ದು ಲಿಂಗಾಯತರ ವಿರಕ್ತ ಮಠ, ರಾಮಕೃಷ್ಣ ಆಶ್ರಮ, ಕ್ಯಾಥೋಲಿಕ್ ಗುರುದೀಕ್ಷೆ, ಕನ್ಯಾಸ್ತ್ರೀ ಮಠ ಹಾಗೂ ಜೈನ ತ್ಯಾಗಿಗಳ ದಾರಿಯಲ್ಲಿ.

ಒಂದು ಹಾಳೆಯಲ್ಲಿ ಎರಡು ಕಾಲಂ ಗೆರೆ ಎಳೆಸಿ. ಎಡಕ್ಕೆ, "ನನ್ನನ್ನು ಸೆಳೆಯುವ ಕೆಲಸ": ಕಲಿಸುವುದು, ಪ್ರವಚನ, ದಾಸೋಹ, ರೋಗಿಗಳ ಆರೈಕೆ, ಒಬ್ಬನೇ ಕೂತು ಧ್ಯಾನ, ಶಾಸ್ತ್ರದ ಓದು. ಬಲಕ್ಕೆ, "ಇದನ್ನು ದೀಕ್ಷೆ ಇಲ್ಲದೇ ಮಾಡಬಹುದೇ?" ಎಡಗಡೆ ಬರೆದ ಎಲ್ಲದಕ್ಕೂ ಬಲಗಡೆ "ಹೌದು" ಬಂದರೆ ಒಳ್ಳೆಯ ಸುದ್ದಿ: ಅವನು ಮಠದ ಶಾಲೆಯಲ್ಲಿ ಮೇಷ್ಟ್ರಾಗಿ, ಪ್ರವಚನಕಾರನಾಗಿ, ಆಸ್ಪತ್ರೆಯಲ್ಲಿ ನರ್ಸ್ ಆಗಿ ಮನಸಾರೆ ಬದುಕಬಹುದು. "ಹೌದು, ಆದ್ರೂ ಅಷ್ಟಕ್ಕ ಸಮಾಧಾನ ಇಲ್ರಿ" ಅಂದರೆ ಮುಂದಿನ ಹಂತಕ್ಕೆ ನಡೆಯಿರಿ.

ಹೆಣ್ಣುಮಕ್ಕಳಿಗೆ ದಾರಿಯೇ ಇಲ್ಲ ಎಂದು ಹೇಳಿ ಕಳಿಸುವವರಿದ್ದಾರೆ. ಅದು ತಪ್ಪು ಮಾಹಿತಿ. ಕೂಡಲಸಂಗಮದ ಬಸವ ಧರ್ಮ ಪೀಠದಲ್ಲಿ ಪೀಠಾಧ್ಯಕ್ಷರ ಸ್ಥಾನಕ್ಕೇ ಹೆಣ್ಣುಮಕ್ಕಳು ಬಂದಿದ್ದಾರೆ. 1954ರಲ್ಲಿ ಆರಂಭವಾದ, ರಾಮಕೃಷ್ಣ ಪರಂಪರೆಯ ಶ್ರೀ ಶಾರದಾ ಮಠ ಸನ್ಯಾಸಿನಿಯರದ್ದೇ ಸ್ವತಂತ್ರ ಸಂಸ್ಥೆ. ಜೈನರಲ್ಲಿ ಆರ್ಯಿಕೆಯರಿದ್ದಾರೆ, ಕ್ಯಾಥೋಲಿಕರಲ್ಲಿ ಹತ್ತಾರು ಕನ್ಯಾಸ್ತ್ರೀ ಸಂಘಗಳಿವೆ.

## ಹಂತ 4: ಮೂರು ಭೇಟಿ, ಮೂರು ಬಗೆಯ ದಿನ

ಹೆಚ್ಚಿನವರು ಎಡವುವುದು ಇಲ್ಲಿ. ಜಾತ್ರೆಯ ದಿನ ಮಠ ನೋಡಿ, ಕ್ರಿಸ್‌ಮಸ್ ರಾತ್ರಿ ಚರ್ಚ್ ನೋಡಿ, ಜೈನರ ಪಂಚಕಲ್ಯಾಣ ಉತ್ಸವದ ದಿನ ಮುನಿಗಳನ್ನು ನೋಡಿ ಮನಸ್ಸು ಕೊಟ್ಟುಬಿಡುತ್ತಾರೆ.

ಮೊದಲ ಭೇಟಿ ಹಬ್ಬದ ದಿನವೇ ಆಗಲಿ, ಅಡ್ಡಿಯಿಲ್ಲ. ಎರಡನೆಯದು ಜಾತ್ರೆ ಮುಗಿದ ಮರುದಿನ ಆಗಬೇಕು. ತೇರು ನಿಂತಿದೆ, ಪೆಂಡಾಲ್ ಬಿಚ್ಚುತ್ತಿದ್ದಾರೆ, ಎಲೆಯ ರಾಶಿಗೆ ನಾಯಿ ಮುತ್ತಿವೆ, ಹಂಡೆಗಳ ತಳ ಕರಕಲಾಗಿದೆ. ಸಾಧಕರು ಆ ಹಂಡೆ ತಿಕ್ಕುತ್ತಿರುತ್ತಾರೆ. ಹುಡುಗನೂ ಕೂತು ತಿಕ್ಕಲಿ. ಮೂರು ತಾಸಾದ ಮೇಲೂ ಮುಖ ಬಾಡದಿದ್ದರೆ ನೋಟ್‌ಬುಕ್‌ನಲ್ಲಿ ಅದನ್ನು ನೀವೇ ಬರೆಯಿರಿ. ಪುಷ್ಯ ಹುಣ್ಣಿಮೆಯ ಬನಶಂಕರಿ ಜಾತ್ರೆ, ಸಂಕ್ರಾಂತಿಯ ವಿಜಯಪುರ ಸಿದ್ಧೇಶ್ವರ ಜಾತ್ರೆ ಮುಗಿದ ವಾರ ಇಂಥ ದಾಸೋಹದ ಕೆಲಸಕ್ಕೆ ಕೈ ಬೇಕೇ ಬೇಕು. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಮೂರನೇ ಭೇಟಿ ಏನೂ ಇಲ್ಲದ ಒಂದು ಬುಧವಾರ. ಬೆಳಗಿನ ಜಾವದಿಂದ ರಾತ್ರಿಯವರೆಗೆ.

ಎಲ್ಲೆಲ್ಲಿ ಏನು ನೋಡಬೇಕು ಎಂಬುದು ದಾರಿಯಿಂದ ದಾರಿಗೆ ಬೇರೆ. ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರವನ್ನು 1909ರಲ್ಲಿ ಹಾನಗಲ್ ಕುಮಾರ ಶಿವಯೋಗಿಗಳು ಮಲಪ್ರಭೆಯ ದಂಡೆಯ ಮೇಲೆ ಕಟ್ಟಿದ್ದೇ ಮಠಗಳಿಗೆ ಬೇಕಾದ ಸಾಧಕರನ್ನು ತಯಾರು ಮಾಡಲಿಕ್ಕೆ. ಅಲ್ಲಿ ಕಲಿಯುವವರ ಹೆಸರಿನ ಕೊನೆಗೆ "ದೇವರು" ಎಂದು ಸೇರಿಸಿ ಕರೆಯುತ್ತಾರೆ. ಒಂದು ಮಠದ ಪೀಠಕ್ಕೆ ಪಟ್ಟವಾದ ಮೇಲೆಯೇ ಸ್ವಾಮಿಗಳು. ಹೋದಾಗ ಗದ್ದುಗೆಯ ದರ್ಶನ ಮಾಡಿ ಬಂದುಬಿಡದೆ ಗೋಶಾಲೆ, ವಿಭೂತಿ ತಯಾರಿ, ಪಾಠ, ಸಾಮೂಹಿಕ ಪೂಜೆಗಳನ್ನು ನೋಡಿ. ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೋಡಬೇಕಾದದ್ದು ಸರಳತೆ. 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮಿಗಳ ಜೇಬಿಲ್ಲದ ಅಂಗಿಯನ್ನು ಎಲ್ಲರೂ ಹೊಗಳುತ್ತಾರೆ. ನಿಮ್ಮ ಹುಡುಗ ಒಂದು ವಾರ ಜೇಬಿಲ್ಲದೆ, ಅಂದರೆ ಫೋನು ದುಡ್ಡು ಎರಡೂ ಇಲ್ಲದೆ ಇದ್ದು ನೋಡಲಿ.

ಬೆಳಗಾವಿಯ ರಾಮಕೃಷ್ಣ ಮಿಷನ್ ಆಶ್ರಮ ಕೋಟೆಯೊಳಗೇ ಇದೆ. 1892ರ ಅಕ್ಟೋಬರ್‌ನಲ್ಲಿ ವಿವೇಕಾನಂದರು ಈ ಊರಲ್ಲಿ ತಂಗಿದ್ದರು ಎಂಬ ಮಾತು ಕೇಳಿಯೇ ಹಲವರು ಅಲ್ಲಿಗೆ ಹೋಗುತ್ತಾರೆ. ಹೋದವರು ಸಂಜೆಯ ಆರತಿಗಷ್ಟೇ ಕೂರದೆ, ಆಶ್ರಮದ ಕಚೇರಿ ಕೆಲಸ, ಲೆಕ್ಕಪತ್ರ, ಅತಿಥಿಗಳ ಊಟೋಪಚಾರವನ್ನು ಬ್ರಹ್ಮಚಾರಿಗಳೇ ಮಾಡುವುದನ್ನು ಗಮನಿಸಲಿ. ಬಿ.ಕಾಂ. ಓದಿದವನು ಅಲ್ಲೂ ಲೆಕ್ಕವನ್ನೇ ಬರೆಯಬೇಕಾಗಬಹುದು. ಇದನ್ನು ಕೇಳಿ ಸಪ್ಪಗಾಗುವವರೇ ಜಾಸ್ತಿ.

ಚಿಕ್ಕೋಡಿ, ಅಥಣಿ, ನಿಪ್ಪಾಣಿ ಕಡೆಯ ಜೈನ ಮಕ್ಕಳಿಗೆ ಚಾತುರ್ಮಾಸವೇ ಸರಿಯಾದ ಹೊತ್ತು. ಮುನಿಗಳು ಮಳೆಗಾಲದ ತಿಂಗಳುಗಳಲ್ಲಿ ಒಂದೇ ಊರಲ್ಲಿ ನಿಲ್ಲುತ್ತಾರೆ. ಆಹಾರದ ಹೊತ್ತಿಗೆ ಹತ್ತಿರ ನಿಂತು ನೋಡಿ. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ. ತುತ್ತಿನಲ್ಲಿ ಒಂದು ಕೂದಲು ಕಂಡರೆ ಅಂತರಾಯ. ಅಲ್ಲಿಗೆ ಆ ದಿನದ ಅನ್ನ, ನೀರು ಎರಡೂ ಮುಗಿಯಿತು. "ಸದಲಗಾದ ವಿದ್ಯಾಸಾಗರ ಮಹಾರಾಜರು 22 ತುಂಬೂ ಮೊದಲ ದೀಕ್ಷಾ ತಗೊಂಡ್ರಲ್ರಿ" ಎಂದು ಹುಡುಗರು ವಾದಿಸುತ್ತಾರೆ. ನಿಜ, 1946ರಲ್ಲಿ ಹುಟ್ಟಿದವರಿಗೆ 1968ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆ ಆಯಿತು. ಅದಕ್ಕೂ ಮೊದಲು ಅವರು ಬ್ರಹ್ಮಚರ್ಯ ವ್ರತ ಹಿಡಿದು, ಗುರುಗಳ ಬಳಿ ಇದ್ದು ಕಲಿತಿದ್ದರು ಎಂಬ ಭಾಗವನ್ನು ವಾದದಲ್ಲಿ ಬಿಟ್ಟಿರುತ್ತಾರೆ.

ಕ್ರೈಸ್ತ ಮಕ್ಕಳು ರವಿವಾರದ ಉಪದೇಶ ನೋಡಿರುತ್ತಾರೆ, ಸೋಮವಾರ ನೋಡಿರುವುದಿಲ್ಲ. ಪಾಸ್ಟರ್ ಅಥವಾ ಫಾದರ್ ಜೊತೆ ಒಂದು ಇಡೀ ವಾರ ಓಡಾಡಲಿ: ಆಸ್ಪತ್ರೆ, ಸಾವಿನ ಮನೆ, ಗಂಡಹೆಂಡಿರ ಜಗಳ, ಸಭೆಯ ಕಮಿಟಿ ಮೀಟಿಂಗ್. ಕಮಿಟಿ ಮೀಟಿಂಗ್ ತಪ್ಪಿಸಬೇಡಿ. ಸೇವೆಗೆ ಬಂದವರು ಸೋತು ಸುಣ್ಣವಾಗುವುದು ಹೆಚ್ಚಾಗಿ ಅಲ್ಲೇ.

## ಕೇಳಲು ಸಂಕೋಚವಾದರೂ ಕೇಳಲೇಬೇಕಾದ್ದು

ಮೂರನೇ ಭೇಟಿಯಲ್ಲಿ ಹಿರಿಯರಾದ ನೀವೇ ಈ ಪ್ರಶ್ನೆಗಳನ್ನು ಎತ್ತಿ. ಹುಡುಗನ ಬಾಯಿಂದ ಕೇಳಿಸಬೇಡಿ.

ಜಾತಿ, ಒಳಪಂಗಡದ ಷರತ್ತು ಇದೆಯೇ? ಎಷ್ಟೋ ಮಠಗಳಲ್ಲಿ ಇದೆ. ಗುರುವರ್ಗದ ಮಠಕ್ಕೆ ಜಂಗಮ ಮನೆಯವರೇ ಬೇಕು ಎನ್ನುವುದು ಸಾಮಾನ್ಯ. ವಿರಕ್ತ ಮಠಗಳಲ್ಲಿ ಒಂದೊಂದರದ್ದು ಒಂದೊಂದು ಪದ್ಧತಿ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಎರಡು ವರ್ಷ ಸೇವೆ ಮಾಡಿದ ಮೇಲೆ ಹುಡುಗನಿಗೆ ಇದು ಗೊತ್ತಾಗುವುದು ಕ್ರೌರ್ಯ.

ವಯಸ್ಸು, ವಿದ್ಯಾರ್ಹತೆಯ ಮಿತಿ ಏನು? ಕಾಯಿಲೆ ಬಿದ್ದರೆ ಖರ್ಚು ಯಾರದು? ಬಿಟ್ಟು ಹೊರಡಬೇಕೆಂದರೆ ಕ್ರಮ ಏನು? ಕೊನೆಯ ಪ್ರಶ್ನೆಗೆ ಹೇಗೆ ಉತ್ತರಿಸುತ್ತಾರೆ ಎಂಬುದನ್ನೇ ನೋಡಿ. ಸಮಾಧಾನದಿಂದ ಹೇಳಿದರೆ ಒಳ್ಳೆಯ ಜಾಗ. "ಅಂಥಾ ಮಾತ ಯಾಕ್ ಆಡ್ತೀರಿ?" ಎಂದು ಮುಖ ಗಂಟಿಕ್ಕಿದರೆ ನೋಟ್‌ಬುಕ್‌ನಲ್ಲಿ ಕೆಂಪು ಗೆರೆ ಎಳೆಯಿರಿ.

ಪೂರಾ ತಿರುಗಿ ಬರಬೇಕಾದ ಗುರುತುಗಳೂ ಇವೆ. ಮನೆಯವರಿಗೆ ಹೇಳಬೇಡ ಎನ್ನುವುದು. ಮೂಲ ಅಂಕಪಟ್ಟಿ, ಆಧಾರ್ ಕೇಳುವುದು. "ಪ್ರವೇಶಕ್ಕೆ" ದುಡ್ಡು ಅಥವಾ ಹೊಲ ಕೇಳುವುದು. ಒಬ್ಬ ಹಿರಿಯರ ಕೋಣೆಗೆ ರಾತ್ರಿ ಒಬ್ಬನನ್ನೇ ಕರೆಯುವುದು, ಮೈ ಮುಟ್ಟುವುದು. ಇದಕ್ಕೆ ಎರಡನೇ ಅವಕಾಶ ಇಲ್ಲ, ನೇರ ಪೊಲೀಸ್ ಠಾಣೆ. ಮತ್ತೊಂದು ಗುರುತು ಸಿಹಿಯಾಗಿ ಬರುತ್ತದೆ: ಖಾಲಿ ಬಿದ್ದ ಮಠದ ನಾಲ್ಕು ಮಂದಿ ಭಕ್ತರು ಕಾರು ಮಾಡಿಕೊಂಡು ಮನೆಗೇ ಬಂದು, "ನಿಮ್ಮ ಹುಡುಗನ್ನ ನಮ್ಮ ಮಠಕ್ಕ ಕೊಡ್ರಿ, ಬರೂ ಜಾತ್ರಿಗೆ ಪಟ್ಟ ಕಟ್ತೀವಿ" ಎನ್ನುತ್ತಾರೆ. ತರಬೇತಿ ಇಲ್ಲದವನಿಗೆ ಪಟ್ಟ ಕಟ್ಟುವ ಅವಸರದ ಹಿಂದೆ ಬಹಳ ಸಲ ಆಸ್ತಿಯ ಜಗಳ, ಕೋರ್ಟಿನ ಕೇಸು ಇರುತ್ತದೆ. ಆ ಮಠದ ಊರಿಗೆ ಹೋಗಿ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತರೆ ಎಲ್ಲ ತಿಳಿಯುತ್ತದೆ.

## ಹಂತ 5: ಮನೆಯಲ್ಲಿ ಹೇಳುವುದು

ಭೇಟಿಗಳು ಮುಗಿದ ಮೇಲೆ, ದೀರ್ಘ ವಾಸಕ್ಕಿಂತ ಮೊದಲು ಹೇಳಬೇಕು. ಇದಕ್ಕಿಂತ ಮೊದಲೇ ಹೇಳಿದರೆ ಕೇಳಿದ ಪ್ರಶ್ನೆಗೆ ಹುಡುಗನ ಬಳಿ ಉತ್ತರ ಇರುವುದಿಲ್ಲ. ತಡವಾದರೆ ಮೋಸ ಮಾಡಿದಂತಾಗುತ್ತದೆ.

ಹಬ್ಬದ ದಿನ, ಬಿತ್ತನೆ ಅಥವಾ ರಾಶಿಯ ದಿನಗಳಲ್ಲಿ, ಬೀಗರು ಬಂದಾಗ ಹೇಳುವುದು ಬೇಡ. ಫೋನಿನಲ್ಲಿ ಖಂಡಿತ ಬೇಡ. ಮೊದಲು ಒಬ್ಬರಿಗೆ ಹೇಳಲಿ. ನಮ್ಮ ಮನೆಗಳಲ್ಲಿ ಆ ಒಬ್ಬರು ಸಾಮಾನ್ಯವಾಗಿ ಅಜ್ಜಿ ಅಥವಾ ಸೋದರಮಾವ. ಅವರು ಎರಡು ದಿನ ಅರಗಿಸಿಕೊಂಡ ಮೇಲೆ ಅಪ್ಪ ಅವ್ವನ ಮುಂದೆ.

ಅವ್ವನ ಮೊದಲ ಮಾತು "ನಿನಗೇನ್ ಕಡಿಮಿ ಮಾಡೀವೋ ನಾವು?" ಎಂದೇ ಇರುತ್ತದೆ. ಇದಕ್ಕೆ ತತ್ತ್ವ ಹೇಳಲು ಹೊರಟ ಮಕ್ಕಳು ಸೋಲುತ್ತಾರೆ. "ಏನೂ ಕಡಿಮಿ ಮಾಡಿಲ್ಲವ್ವಾ. ಇವತ್ತ ಹೊಂಟಿಲ್ಲ. ಡಿಗ್ರಿ ಮುಗಸ್ತೀನಿ. ರಜಾದಾಗ ಒಂದ್ ತಿಂಗಳ ಇದ್ದು ನೋಡ್ತೀನಿ, ನೀನೂ ಬಾ ನೋಡಾಕ" ಎಂದು ಹೇಳಿ ಸುಮ್ಮನಾಗಲಿ. ಅಪ್ಪನ ಪ್ರಶ್ನೆ ಬೇರೆ ಇರುತ್ತದೆ, ಅದು ಎರಡು ದಿನ ತಡವಾಗಿ ಬರುತ್ತದೆ: ಸಾಲ ಯಾರು ತೀರಿಸುವುದು, ತಂಗಿಯ ಲಗ್ನ ಯಾರು ನೋಡುವುದು, ಹೊಲ ಯಾರಿಗೆ. ಇದನ್ನು ಲೌಕಿಕ ಎಂದು ತಳ್ಳಿಹಾಕುವ ಹುಡುಗನನ್ನು ನೀವು ಗದರಿಸಬೇಕು. ಅಪ್ಪನ ಹೆಗಲಿಗೆ ಸಾಲ ಹೊರಿಸಿ ಹೊರಟವನು ಮುಂದೆ ದಾಸೋಹದ ಮಾತಾಡುವುದು ಹೇಗೆ?

ಒಪ್ಪಿಗೆ ಆ ದಿನವೇ ಸಿಗಬೇಕೆಂದಿಲ್ಲ. ಒಂದು ತಿಂಗಳ ವಾಸಕ್ಕೆ ಮಾತ್ರ ಒಪ್ಪಿಗೆ ಕೇಳಿ.

## ಹಂತ 6: ಡಿಗ್ರಿ, ಸಾಲ, ಕಾಗದ, ಮೈ

ಡಿಗ್ರಿ ಮುಗಿಸಲೇಬೇಕು. ಸಂಸ್ಥೆಗಳಿಗೂ ಓದಿದವರು ಬೇಕು, ತಿರುಗಿ ಬಂದರೆ ಕೈಯಲ್ಲೊಂದು ಕಾಗದವೂ ಇರುತ್ತದೆ. ಆರನೇ ಸೆಮಿಸ್ಟರ್‌ನಲ್ಲಿರುವವನಿಗೆ "ನಾಲ್ಕು ತಿಂಗಳು ತಡೆಯಲಾರೆ" ಎನ್ನುವಷ್ಟು ಅವಸರ ಇದ್ದರೆ, ಅವನು ಓಡುತ್ತಿರುವುದು ಪರೀಕ್ಷೆಯಿಂದ ಎಂದು ಅನುಮಾನಿಸಿ. ಬ್ಯಾಕ್‌ಲಾಗ್ ಪಟ್ಟಿ ತೆಗೆಸಿ ನೋಡಿದರೆ ಗೊತ್ತಾಗುತ್ತದೆ.

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು 1 ವರ್ಷಕ್ಕೆ ಶುರುವಾಗುತ್ತದೆ, ಸಹಿ ಮಾಡಿರುವುದು ಅಪ್ಪ. ಹಲವು ಸಂಸ್ಥೆಗಳು ಸಾಲ ಉಳಿದವರನ್ನು ತೆಗೆದುಕೊಳ್ಳುವುದಿಲ್ಲ. ಎರಡು ಮೂರು ವರ್ಷ ದುಡಿದು ತೀರಿಸಿ ಹೋಗುವುದರಲ್ಲಿ ಸೋಲೇನೂ ಇಲ್ಲ. ಆ ವರ್ಷಗಳಲ್ಲೂ ಉಳಿದ ಸೆಳೆತ ಗಟ್ಟಿಯಾದದ್ದು.

ಆಸ್ತಿಯ ವಿಷಯ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ. ವಿಧಿವತ್ತಾಗಿ ಸನ್ಯಾಸ ತೆಗೆದುಕೊಂಡವನನ್ನು ಹಿಂದೂ ಕಾನೂನು ಲೌಕಿಕಕ್ಕೆ ಸತ್ತವನಂತೆ ಎಣಿಸುತ್ತದೆ, ಮನೆಯ ಪಾಲಿನ ಹಕ್ಕು ಅಲ್ಲಿಗೆ ಕಡಿಯಬಹುದು. ಬರೀ ಕಾವಿ ಉಟ್ಟರೆ ಹೀಗಾಗುವುದಿಲ್ಲ. ಶಾಸ್ತ್ರೋಕ್ತ ಕ್ರಿಯೆ ನಡೆಯಿತೆಂಬುದಕ್ಕೆ ಕೋರ್ಟು ಪುರಾವೆ ಕೇಳುತ್ತದೆ. ಅಣ್ಣತಮ್ಮಂದಿರ ನಡುವೆ ಮುಂದೆ ಮನಸ್ತಾಪ ಬರದಂತೆ ಈಗಲೇ ತಿಳಿದುಕೊಂಡಿರುವುದು ಒಳ್ಳೆಯದು.

ಮೈಯ ತಪಾಸಣೆ: ರಕ್ತ, ಸಕ್ಕರೆ, ಕಣ್ಣು, ಹಲ್ಲು. ದಿನಾ ಮಾತ್ರೆ ನುಂಗುವವನಾಗಿದ್ದರೆ ಸಂಸ್ಥೆಗೆ ಮೊದಲೇ ಹೇಳಬೇಕು. ಮುಚ್ಚಿಟ್ಟು ಹೋಗಿ, ಉಪವಾಸದ ದಿನ ಮಾತ್ರೆ ಬಿಟ್ಟು ಬಿದ್ದವರಿದ್ದಾರೆ.

## ಹಂತ 7: ಒಂದು ತಿಂಗಳ ವಾಸ

ಸೆಮಿಸ್ಟರ್ ರಜೆಯಲ್ಲಿ ಮೊದಲು 10 ದಿನ, ಮುಂದಿನ ರಜೆಯಲ್ಲಿ ಪೂರಾ 30 ದಿನ. ಮೂರು ದಿನ ಇದ್ದು ಬಂದರೆ ಅತಿಥಿಯಾಗಿ ಬಂದಂತೆ. ಎರಡನೇ ವಾರಕ್ಕೆ ಬೇಸರ, ಮೂರನೇ ವಾರಕ್ಕೆ ಜಗಳ ಬರುತ್ತದೆ. ಅವು ಬಂದ ಮೇಲೂ ಇದ್ದು ನೋಡುವುದಕ್ಕೇ 30 ದಿನ.

ಒಯ್ಯಬೇಕಾದ್ದು: ಎರಡು ಜೊತೆ ಬಟ್ಟೆ, ಹೊದಿಕೆ, ಮಾತ್ರೆ, ನೋಟ್‌ಬುಕ್, ಬಸ್ಸಿನ ದುಡ್ಡು. ವಾಪಸ್ ಬರುವ ದುಡ್ಡು ಯಾವಾಗಲೂ ಅವನ ಕೈಯಲ್ಲೇ ಇರಬೇಕು, ಇದೊಂದನ್ನು ಸಡಿಲಿಸಬೇಡಿ. ಫೋನ್ ಇಟ್ಟುಕೊಳ್ಳಬಾರದು ಎಂಬ ನಿಯಮ ಇರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ವಾರಕ್ಕೊಮ್ಮೆ ಮನೆಗೆ ಮಾತಾಡಲು ಬಿಡಬೇಕು. ಹದಿನೈದನೇ ದಿನ ಹೇಳದೇ ಕೇಳದೇ ನೀವೇ ಹೋಗಿ ಅರ್ಧ ದಿನ ಇದ್ದು ಬನ್ನಿ.

ಬಂದ ಮೇಲೆ ಒಂದು ವಾರ ಏನೂ ಕೇಳಬೇಡಿ. ಆಮೇಲೆ ಇಬ್ಬರೂ ಕೂತು ನೋಟ್‌ಬುಕ್ ಓದಿ. ಅಲ್ಲಿ ಯಾರ ಜೊತೆ ಜಗಳವಾಯಿತು, ಹೇಗೆ ಮುಗಿಯಿತು ಎಂಬ ಪುಟವೇ ಮುಖ್ಯ. ಜೀವಮಾನವಿಡೀ ತಾನು ಆರಿಸಿಕೊಳ್ಳದ ಜನರ ಜೊತೆ ಇರಬೇಕಾದವನು ಅವನು.

## ಹಂತ 8: ಅರ್ಜಿ, ಮತ್ತು ಮುಂದಿನ ಮೆಟ್ಟಿಲುಗಳು

ಅರ್ಜಿ ಹಾಕಿದ ದಿನಕ್ಕೇ ಎಲ್ಲ ಮುಗಿಯಿತು ಎಂದು ಮನೆಯವರು ಎದೆ ಬಡಿದುಕೊಳ್ಳುತ್ತಾರೆ. ಮೆಟ್ಟಿಲುಗಳನ್ನು ಅವರಿಗೆ ತೋರಿಸಿ. ಹಿಂದೆ ಬರುವ ಬಾಗಿಲು ಎಷ್ಟು ವರ್ಷ ತೆರೆದಿರುತ್ತದೆ ಎಂದು ಕಂಡರೆ ಅರ್ಧ ಗಾಬರಿ ಇಳಿಯುತ್ತದೆ.

ರಾಮಕೃಷ್ಣ ಸಂಘದಲ್ಲಿ ಮೊದಲು ಯಾವುದಾದರೂ ಕೇಂದ್ರದಲ್ಲಿದ್ದು ಕೆಲಸ, ನಡುವೆ ಕೋಲ್ಕತ್ತಾ ಬಳಿಯ ಬೇಲೂರು ಮಠದಲ್ಲಿ 2 ವರ್ಷದ ತರಬೇತಿ, ಆಮೇಲೆ ಬ್ರಹ್ಮಚರ್ಯ ದೀಕ್ಷೆ, ಮತ್ತೂ ಹಲವು ವರ್ಷ ಕಳೆದ ಮೇಲೆ ಸನ್ಯಾಸ. ದಿಗಂಬರ ಜೈನರಲ್ಲಿ ಬ್ರಹ್ಮಚಾರಿ, ಕ್ಷುಲ್ಲಕ, ಐಲಕ, ಮುನಿ ಎಂಬ ಮೆಟ್ಟಿಲುಗಳಿವೆ. ಕ್ಯಾಥೋಲಿಕ್ ಗುರುಗಳಾಗಲು ತತ್ತ್ವಶಾಸ್ತ್ರ, ದೈವಶಾಸ್ತ್ರದ ದೀರ್ಘ ಓದು ಮುಗಿಸಬೇಕು. ವಯಸ್ಸು 23 ಆಗುವ ಮೊದಲು ಡೀಕನ್ (ಗುರುದೀಕ್ಷೆಗೆ ಹಿಂದಿನ ಮೆಟ್ಟಿಲು) ಆಗುವಂತಿಲ್ಲ, 25ಕ್ಕಿಂತ ಮೊದಲು ಗುರುದೀಕ್ಷೆ ಇಲ್ಲ. ನಮ್ಮ ಕಡೆಯವರು ಮೊದಲು ಮಾತಾಡಬೇಕಾದ್ದು ತಮ್ಮ ಚರ್ಚಿನ ಫಾದರ್ ಹತ್ತಿರ, ಅವರ ಮೂಲಕ ತಮ್ಮ ಧರ್ಮಪ್ರಾಂತ್ಯದ ಬಿಷಪ್ ಕಚೇರಿಯಲ್ಲಿ. ಕನ್ಯಾಸ್ತ್ರೀಯರಿಗೆ ಕನಿಷ್ಠ 12 ತಿಂಗಳ ನವಶಿಷ್ಯತ್ವ (ಆರಂಭದ ತರಬೇತಿ), ನಂತರ ಕನಿಷ್ಠ 3 ವರ್ಷದ ತಾತ್ಕಾಲಿಕ ವ್ರತ. ಶಾಶ್ವತ ವ್ರತ ಆಮೇಲಿನ ಮಾತು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಮೊದಲು ಸ್ವಂತ ಸಭೆಯ ಶಿಫಾರಸು, ಆಮೇಲೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ಬಿ.ಡಿ. (ದೈವಶಾಸ್ತ್ರದ ಪದವಿ) ಓದು. ಶಿಫಾರಸು ಇಲ್ಲದೇ ನೇರವಾಗಿ ಕಾಲೇಜು ಸೇರಿ, ಓದು ಮುಗಿದ ಮೇಲೆ ಯಾವ ಸಭೆಗೂ ಬೇಡವಾಗಿ ನಿಂತವರಿದ್ದಾರೆ, ಕ್ರಮ ತಪ್ಪಿಸಬೇಡಿ.

ವಿರಕ್ತ ಮಠಗಳಿಗೆ ಇಂಥ ಒಂದೇ ನಿಯಮಾವಳಿ ಇಲ್ಲ. ಹಾಗಾಗಿ ಅಲ್ಲಿಗೆ ಹೊರಟವನಿಗೆ ಎಷ್ಟು ವರ್ಷದ ಕಲಿಕೆ, ದೀಕ್ಷೆ ಯಾವಾಗ, ಯಾರ ಕೈಯಿಂದ ಎಂಬುದನ್ನು ಗುರುಗಳ ಹತ್ತಿರ ಹಿರಿಯರ ಸಮಕ್ಷಮ ಮಾತಾಡಿಕೊಳ್ಳಿ.

## ಬೇಡ ಎಂದು ತಿರುಗಿ ಬಂದರೆ

ಯಾವ ಹಂತದಲ್ಲೂ ಬರಬಹುದು. ಹಾಗೆ ಬಂದವರನ್ನು ಕಳೆದುಕೊಳ್ಳುವುದು ನಮ್ಮ ಊರುಗಳ ದೊಡ್ಡ ರೋಗ. ಬರುವ ಮೊದಲೇ ಮೂರು ಕೆಲಸ ಮಾಡಿಟ್ಟಿರಿ: ಕಾಲೇಜಿನಲ್ಲಿ ಪರೀಕ್ಷೆ ಫೀಯ ಕೊನೆಯ ತಾರೀಖು ವಿಚಾರಿಸಿ, ಹಾಸ್ಟೆಲ್‌ನಲ್ಲಿ ಅವನ ಮಂಚ ಬೇರೆಯವರಿಗೆ ಹೋಗದಂತೆ ವಾರ್ಡನ್‌ಗೆ ಹೇಳಿ, ಮನೆಯಲ್ಲಿ ಯಾರೂ "ನಾ ಮೊದಲ ಹೇಳಿದ್ನೆಲ್ಲ" ಅನ್ನದಂತೆ ನೋಡಿಕೊಳ್ಳಿ. ಗೆಳೆಯರನ್ನು ಕರೆದು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ: ಅವನನ್ನು ತಮಾಷೆಗೂ "ಏನ್ರೀ ಅಜ್ಜಾರ" (ನಮ್ಮ ಕಡೆ ಸ್ವಾಮಿಗಳನ್ನು ಕರೆಯುವ ಹೆಸರು) ಎಂದು ಕರೆಯಬಾರದು. ಒಮ್ಮೆ ಅಂಟಿದರೆ ಆ ಹೆಸರು ಅವನ ಲಗ್ನಪತ್ರಿಕೆ ಹಂಚುವ ದಿನದವರೆಗೂ ಬಿಡುವುದಿಲ್ಲ.